ಗಡಿಯಾಚೆಯಿಂದ ತರುವ ತೋಟೆ: ಕಾನೂನೇನು, ತೆರಿಗೆ ಯಾರಿಗೆ?

ನಮ್ಮ ಕಾಸರಗೋಡು ಗಡಿಭಾಗದ ಕೃಷಿಕರಿಗೆ ಕಚೇರಿ ಒಂದು ರಾಜ್ಯದಲ್ಲಿ, ಪೇಟೆ ಇನ್ನೊಂದು ರಾಜ್ಯದಲ್ಲಿ. ಭೂಕಂದಾಯ ಕಟ್ಟುವುದು ಕೇರಳಕ್ಕೆ. ಪಂಪುಸೆಟ್ಟು, ಮೈಲುತುತ್ತು, ಮದುವೆಯ ಚಿನ್ನ ಕೊಳ್ಳುವುದು ಮಂಗಳೂರಿನಲ್ಲಿ ಅಥವಾ ಪುತ್ತೂರಿನಲ್ಲಿ. ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಕೊಳ್ಳುವ ವಸ್ತು ಕೋವಿಯ ತೋಟೆಯಾದಾಗ ವಿಷಯ ಬೇರೆ. ಇತ್ತೀಚೆಗೆ ಕೆಲವು ವಾಚಕರು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದ್ದಾರೆ. ಒಂದು, ಬೆಳೆರಕ್ಷಣೆಯ ಕೋವಿಗೆ ತೋಟೆಯನ್ನು ಹೊರರಾಜ್ಯದಿಂದ, ಅದೂ ಮೊಬೈಲಿನಲ್ಲಿ ಆರ್ಡರ್ ಮಾಡಿ, ತರಿಸಬಹುದೇ? ಎರಡು, ಹಾಗೆ ತಂದರೆ ನಮ್ಮ ರಾಜ್ಯಕ್ಕೆ ಬೇರೆ ತೆರಿಗೆ ಕಟ್ಟಬೇಕೇ? ಅಮೆರಿಕದಲ್ಲಿರುವ ಮಗನೊಬ್ಬ ಅಲ್ಲಿ ಹಾಗೆ ಕಟ್ಟಬೇಕು ಎಂದು ಹೇಳಿದ್ದರಿಂದ ಈ ಎರಡನೆಯ ಪ್ರಶ್ನೆ ಹುಟ್ಟಿಕೊಂಡಿತಂತೆ.

ಎರಡೂ ಪ್ರಶ್ನೆಗಳು ಒಳ್ಳೆಯವೇ. ಉತ್ತರ ಮಾತ್ರ ಒಂದೇ ಅಳತೆಯದಲ್ಲ. ತೆರಿಗೆಯ ವಿಷಯದಲ್ಲಿ ನಾವು ಹೆದರಬೇಕಾದ್ದು ಸ್ವಲ್ಪವೇ. ಪರವಾನಗಿಯ ವಿಷಯದಲ್ಲಿ ಹೆದರಬೇಕಾದ್ದು ಬಹಳ.

ಮೊದಲು ಅಮೆರಿಕದ ಮಾತನ್ನು ಮುಗಿಸೋಣ

ಆ ಮಗ ಹೇಳಿದ್ದು ನಿಜ. ಅಮೆರಿಕದಲ್ಲಿ ನಮ್ಮ ಜಿ.ಎಸ್.ಟಿ.ಯಂತೆ ಇಡೀ ದೇಶಕ್ಕೆ ಒಂದೇ ಮಾರಾಟ ತೆರಿಗೆ ಇಲ್ಲ. ಪ್ರತಿಯೊಂದು ರಾಜ್ಯ, ಅದರೊಳಗೆ ಜಿಲ್ಲೆ, ನಗರಗಳು ಕೂಡ, ತಮ್ಮದೇ ದರ ಇಟ್ಟುಕೊಂಡಿವೆ. ಅಲಾಸ್ಕಾ, ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್, ಒರೆಗಾನ್ ಈ ಐದು ರಾಜ್ಯಗಳಲ್ಲಿ ರಾಜ್ಯಮಟ್ಟದ ಮಾರಾಟ ತೆರಿಗೆಯೇ ಇಲ್ಲ. ಹಾಗಿದ್ದ ಮೇಲೆ ಪಕ್ಕದ ವಾಷಿಂಗ್ಟನ್ ರಾಜ್ಯದವನು ಗಡಿ ದಾಟಿ ಒರೆಗಾನಿನಲ್ಲಿ ಸಾಮಾನು ಕೊಂಡುಬರುವುದು ಸಹಜವಷ್ಟೆ? ಅದನ್ನು ಸರಿದೂಗಿಸಲು ರಾಜ್ಯಗಳು ಮಾಡಿಕೊಂಡ ಉಪಾಯವೇ ‘ಬಳಕೆ ತೆರಿಗೆ’. ಸಾಮಾನನ್ನು ಎಲ್ಲಿ ಕೊಂಡಿರಿ ಎಂಬುದು ಮುಖ್ಯವಲ್ಲ, ಎಲ್ಲಿ ತಂದು ಬಳಸುತ್ತೀರಿ ಎಂಬುದು ಮುಖ್ಯ. ಅಲ್ಲಿ ತೆರಿಗೆ ಕೊಡದೆ ಕೊಂಡಿದ್ದರೆ ಇಲ್ಲಿ ನೀವೇ ಲೆಕ್ಕ ಹಾಕಿ ಕಟ್ಟಬೇಕು. ವಾಷಿಂಗ್ಟನ್ ರಾಜ್ಯದ ಮೂಲ ದರ ಶೇ. 6.5. ಅಲ್ಲಿನ ಒಬ್ಬ ರೈತ ಒರೆಗಾನಿನಿಂದ 500 ಡಾಲರಿನ ತೋಟೆಪೆಟ್ಟಿಗೆ ತಂದರೆ ಸ್ಥಳೀಯ ದರವನ್ನು ಬಿಟ್ಟು ರಾಜ್ಯದ ಪಾಲೇ 32 ಡಾಲರ್ 50 ಸೆಂಟ್ ಆಯಿತು. ಕೊಂಡ ಕಡೆ ಸ್ವಲ್ಪ ತೆರಿಗೆ ಕೊಟ್ಟಿದ್ದರೆ ಸಾಮಾನ್ಯವಾಗಿ ಅದನ್ನು ಕಳೆದು ಉಳಿದದ್ದನ್ನಷ್ಟೇ ಕೇಳುತ್ತಾರೆ.

ತೋಟೆಯ ಮಾತು ಅಲ್ಲಿ ಏಕೆ ಬರುತ್ತದೆಂದರೆ, ಅಲ್ಲಿ ಅದನ್ನು ದೂರದ ಅಂಗಡಿಯಿಂದ ಮನೆಗೆ ತರಿಸಿಕೊಳ್ಳುವ ಪದ್ಧತಿ ಇದೆ. 1968ರ ಕಾನೂನು ಅದನ್ನು ನಿಲ್ಲಿಸಿತ್ತು, 1986ರ ಕಾನೂನು ಮತ್ತೆ ಬಿಟ್ಟುಕೊಟ್ಟಿತು. ಸರಕಾರಿ ಅಂಚೆಯಲ್ಲಿ ತೋಟೆ ಕಳುಹಿಸುವುದು ಅಲ್ಲಿಯೂ ನಿಷಿದ್ಧ. ಖಾಸಗಿ ಪಾರ್ಸೆಲ್ ಕಂಪೆನಿಗಳು ಸಾಗಿಸುತ್ತವೆ. ಹೊರರಾಜ್ಯದ ವ್ಯಾಪಾರಿ ತೆರಿಗೆ ವಸೂಲು ಮಾಡುತ್ತಿರಲಿಲ್ಲ, ಏಕೆಂದರೆ ಕೊಳ್ಳುವವನ ರಾಜ್ಯದಲ್ಲಿ ಅಂಗಡಿಯೋ ಗೋದಾಮೋ ಇಲ್ಲದ ವ್ಯಾಪಾರಿಯನ್ನು ಒತ್ತಾಯಿಸಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟು 1967ರಲ್ಲಿಯೂ, 1992ರಲ್ಲಿ ಕ್ವಿಲ್ ಎಂಬ ಕಂಪೆನಿಯ ಮೊಕದ್ದಮೆಯಲ್ಲಿಯೂ ಹೇಳಿತ್ತು. ಆಗ ತೆರಿಗೆಯ ಹೊಣೆ ಕೊಂಡವನ ಮೇಲೆಯೇ ಉಳಿಯಿತು. ಆದಾಯ ತೆರಿಗೆಯ ಪತ್ರದಲ್ಲಿ ಅದಕ್ಕೊಂದು ಸಾಲನ್ನು ಅನೇಕ ರಾಜ್ಯಗಳು ಇಟ್ಟವು; ತುಂಬಿದವರು ಕಡಿಮೆ. ಕೇಳುವವರಿಲ್ಲದ ಸಾಲವನ್ನು ತಾವಾಗಿ ತೀರಿಸುವವರು ಎಲ್ಲ ದೇಶಗಳಲ್ಲಿಯೂ ವಿರಳವೇ ಎಂದು ಕಾಣುತ್ತದೆ. ಕೊನೆಗೆ 2018ರ ಜೂನ್ 21ರಂದು, ಸೌತ್ ಡಕೋಟಾ ರಾಜ್ಯಕ್ಕೂ ವೇಫೇರ್ ಎಂಬ ಕಂಪೆನಿಗೂ ನಡೆದ ವ್ಯಾಜ್ಯದಲ್ಲಿ, ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಆ ಹಳೆಯ ತೀರ್ಪು ಬಿದ್ದುಹೋಯಿತು. ಆ ರಾಜ್ಯದೊಳಕ್ಕೆ ವರ್ಷಕ್ಕೆ ಒಂದು ಲಕ್ಷ ಡಾಲರಿಗಿಂತ ಹೆಚ್ಚು ಮಾರುವ ವ್ಯಾಪಾರಿ ತಾನೇ ತೆರಿಗೆ ವಸೂಲು ಮಾಡಿ ಕಟ್ಟಬೇಕೆಂಬ ಸೌತ್ ಡಕೋಟಾದ ನಿಯಮದ ಮಾದರಿಯನ್ನು ಬೇರೆ ರಾಜ್ಯಗಳೂ ಹಿಡಿದವು. ಹಾಗಾಗಿ ಈಗ ದೊಡ್ಡ ಅಂಗಡಿಗಳು ಬಿಲ್ಲಿನಲ್ಲೇ ತೆರಿಗೆ ಹಾಕುತ್ತವೆ. ಹಾಕದ ಸಣ್ಣ ಅಂಗಡಿಯಿಂದ ಕೊಂಡಾಗ ಮಾತ್ರ ಬಳಕೆ ತೆರಿಗೆಯ ಹೊಣೆ ಕೊಂಡವನ ತಲೆಗೆ.

ಇನ್ನೊಂದು ಸಂಗತಿ ನಮ್ಮವರಿಗೆ ಕುತೂಹಲದ್ದು. 1937ರ ಒಂದು ಕಾನೂನಿನಂತೆ ಅಲ್ಲಿ ತೋಟೆಯ ಮೇಲೆ ಕೇಂದ್ರ ಸರಕಾರದ ಶೇ. 11ರ ಅಬಕಾರಿ ತೆರಿಗೆ ಇದೆ. ಆ ಹಣ ರಾಜ್ಯಗಳಿಗೆ ವನ್ಯಜೀವಿಗಳ ಪೋಷಣೆಗಾಗಿಯೇ ಹಂಚಿಹೋಗುತ್ತದೆ. ಕ್ಯಾಲಿಫೋರ್ನಿಯಾ ರಾಜ್ಯ 2024ರ ಜುಲೈ 1ರಿಂದ ತನ್ನದೇ ಇನ್ನೊಂದು ಶೇ. 11ನ್ನು ಸೇರಿಸಿದೆ.

ನಮ್ಮಲ್ಲಿ ಅಂಥ ತೆರಿಗೆ ಇತ್ತೇ?

ಇತ್ತು, ಬೇರೆ ಹೆಸರಿನಲ್ಲಿ. ಅದು ಪ್ರವೇಶ ತೆರಿಗೆ. ಕರ್ನಾಟಕ 1979ರಲ್ಲಿ, ಕೇರಳ 1994ರಲ್ಲಿ ಇದಕ್ಕಾಗಿ ಕಾನೂನು ಮಾಡಿದ್ದವು. ತಮಿಳುನಾಡು 1990ರಲ್ಲಿ ವಾಹನಗಳಿಗೆಂದೇ ಒಂದು ಮಾಡಿತು. ಪಾಂಡಿಚೇರಿಯಲ್ಲಿ ಕಡಿಮೆ ತೆರಿಗೆಗೆ ಕಾರು ಕೊಂಡು ತಂದವನು ವ್ಯತ್ಯಾಸವನ್ನು ಇಲ್ಲಿ ತುಂಬಬೇಕಿತ್ತು. ಇದು ಅಮೆರಿಕದ ಬಳಕೆ ತೆರಿಗೆಯ ಒಡಹುಟ್ಟು ಎನ್ನಬಹುದು. ರಾಜ್ಯಗಳಿಗೆ ಇಂಥ ಅಧಿಕಾರ ಇದೆಯೇ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 2016ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಇದೆ ಎಂದಿತು. ಗೆದ್ದ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂದು ಪ್ರವೇಶ ತೆರಿಗೆಯನ್ನು ನುಂಗಿತು. ಮಂಜೇಶ್ವರದ ಮಾರಾಟ ತೆರಿಗೆ ಚೆಕ್‌ಪೋಸ್ಟಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದು ನಮ್ಮ ಹಿರಿಯರಿಗೆಲ್ಲ ನೆನಪಿದೆ. ಅದೂ ಜಿ.ಎಸ್.ಟಿ. ಬಂದಾಗಲೇ ಮುಚ್ಚಿತು.

ಈಗಿನ ಲೆಕ್ಕ ಹೀಗೆ. ಜಿ.ಎಸ್.ಟಿ. ವಸ್ತು ಹೋಗಿ ಸೇರುವ ರಾಜ್ಯಕ್ಕೆ ಸಲ್ಲುವ ತೆರಿಗೆ. ಮಂಗಳೂರಿನ ಅಂಗಡಿಯವನು ಕಾಸರಗೋಡಿನ ವಿಳಾಸಕ್ಕೆ ಸಾಮಾನು ಕಳುಹಿಸಿದರೆ ಬಿಲ್ಲಿನಲ್ಲಿ ಐ.ಜಿ.ಎಸ್.ಟಿ. ಎಂದು ಒಂದೇ ಮೊತ್ತ ಇರುತ್ತದೆ. ಅದರಲ್ಲಿ ರಾಜ್ಯದ ಪಾಲು ಕೇಂದ್ರದ ಮೂಲಕ ಕೇರಳಕ್ಕೆ ಬರುತ್ತದೆ. ಶೇ. 18ರ ದರ ಇರುವ ಸಾವಿರ ರೂಪಾಯಿಯ ವಸ್ತುವಿಗೆ ಮಂಗಳೂರಿನವನು ಮಂಗಳೂರಿನಲ್ಲೇ ಕೊಂಡರೆ 90 ರೂಪಾಯಿ ಕೇಂದ್ರಕ್ಕೆ, 90 ಕರ್ನಾಟಕಕ್ಕೆ. ನಾವು ಕಾಸರಗೋಡಿಗೆ ತರಿಸಿದರೆ 180 ರೂಪಾಯಿ ಐ.ಜಿ.ಎಸ್.ಟಿ. ಕೊಳ್ಳುವವನ ಕಿಸೆಯಿಂದ ಹೋಗುವುದು ಎರಡು ಕಡೆಯೂ 180 ರೂಪಾಯಿಯೇ. ಮನೆಗೆ ಬಂದ ಮೇಲೆ ಮತ್ತೆ ಕಟ್ಟುವುದು ಏನೂ ಇಲ್ಲ, ಯಾವ ಕಚೇರಿಗೂ ಪತ್ರ ತುಂಬಬೇಕಾಗಿಲ್ಲ.

ನಾವೇ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದುಕೊಂಡು ಬಂದರೆ? ಇದಕ್ಕೂ ಈಗ ಸ್ಪಷ್ಟ ನಿಯಮ ಇದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಜಿ.ಎಸ್.ಟಿ. ನೋಂದಣಿ ಇಲ್ಲದ ನಮ್ಮಂಥ ಗಿರಾಕಿಯ ವಿಳಾಸ ಬಿಲ್ಲಿನಲ್ಲಿ ಬರೆದಿದ್ದರೆ ಆ ವಿಳಾಸದ ರಾಜ್ಯಕ್ಕೆ ತೆರಿಗೆ. ಬರೆಯದಿದ್ದರೆ ಅಂಗಡಿ ಇರುವ ರಾಜ್ಯಕ್ಕೆ. ರಾಜ್ಯದ ಹೆಸರು ಬರೆದರೂ ಸಾಕು. ಆದುದರಿಂದ ಮಂಗಳೂರಿನಲ್ಲಿ ಖರೀದಿ ಮಾಡುವಾಗ ‘ಕಾಸರಗೋಡು, ಕೇರಳ’ ಎಂದು ಬರೆಯಿಸಿಕೊಂಡರೆ ನಮ್ಮ ಊರಿನ ಶಾಲೆ, ರಸ್ತೆಗೆ ಬರಬೇಕಾದ ಪಾಲು ನಮ್ಮ ಕಡೆಗೇ ಬರುತ್ತದೆ. ಬಿಲ್ಲೇ ಬೇಡ, ಸ್ವಲ್ಪ ಕಡಿಮೆ ಮಾಡಿ ಎಂದು ಹೇಳುವ ನಮ್ಮ ಚಾಳಿಯಿಂದ ಎರಡು ರಾಜ್ಯಗಳಿಗೂ ನಷ್ಟ, ವಸ್ತು ಕೆಟ್ಟಾಗ ನಮಗೂ ನಷ್ಟ.

ಆದರೆ ಎಲ್ಲ ತೂತುಗಳೂ ಮುಚ್ಚಿವೆ ಎನ್ನಲಾಗದು. 2018ರ ನೆರೆಯ ಬಳಿಕ ಕೇರಳ 2019ರ ಆಗಸ್ಟ್ 1ರಿಂದ 2021ರ ಜುಲೈ 31ರ ವರೆಗೆ ಶೇ. 1ರ ನೆರೆ ಸೆಸ್ ಹಾಕಿತ್ತು. ಅದು ರಾಜ್ಯದ ಒಳಗೆ ಗಿರಾಕಿಗೆ ಮಾಡಿದ ಮಾರಾಟಕ್ಕೆ ಮಾತ್ರ. ತಲಪಾಡಿ ದಾಟಿ ಫ್ರಿಜ್ಜು, ವಾಷಿಂಗ್ ಮೆಷಿನ್ ಕೊಂಡವನಿಗೆ ಆ ಸೆಸ್ ತಗಲಲಿಲ್ಲ; ಕಾಸರಗೋಡಿನ ಅಂಗಡಿಯವನಿಗೆ ಅಷ್ಟರ ಮಟ್ಟಿಗೆ ಪೆಟ್ಟು. ಇಂಥದ್ದನ್ನು ಹಿಡಿಯಲೆಂದೇ ಅಮೆರಿಕದವರು ಬಳಕೆ ತೆರಿಗೆ ಇಟ್ಟದ್ದು.

ವಾಹನದ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಇಂದಿಗೂ ಬಳಕೆ ತೆರಿಗೆಯೇ ನಡೆಯುತ್ತಿದೆ ಎನ್ನಬೇಕು. ಕೇರಳದ 1976ರ ಮೋಟಾರು ವಾಹನ ತೆರಿಗೆ ಕಾನೂನು ರಾಜ್ಯದಲ್ಲಿ ‘ಬಳಸುವ ಅಥವಾ ಬಳಕೆಗಾಗಿ ಇಟ್ಟುಕೊಂಡ’ ವಾಹನದ ಮೇಲೆ ತೆರಿಗೆ ಹಾಕುತ್ತದೆ. ಪುತ್ತೂರಿನಿಂದ ಹಳೆಯ ಜೀಪೋ ಪಿಕಪ್ಪೋ ತಂದು ಅಡಿಕೆ ಸಾಗಿಸಲು ಇಟ್ಟುಕೊಂಡವರು ಇದನ್ನು ಮರೆಯಬಾರದು. ಕರ್ನಾಟಕದ ಆರ್.ಟಿ.ಒ. ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿನ ತೆರಿಗೆ ಕಟ್ಟಿ, ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ನೋಂದಣಿ ಸಂಖ್ಯೆಯನ್ನೂ ಬದಲಿಸಿಕೊಳ್ಳಬೇಕು. ಪುದುಚೇರಿ ನಂಬರಿನ ಐಷಾರಾಮಿ ಕಾರುಗಳ ಬಗ್ಗೆ 2017ರಲ್ಲಿ ಕೇರಳದಲ್ಲಿ ದೊಡ್ಡ ಗದ್ದಲವಾದುದು ಇದೇ ಕಾರಣಕ್ಕೆ.

ಈಗ ತೋಟೆಯ ಮಾತು

ತೆರಿಗೆಯ ಮಟ್ಟಿಗೆ ತೋಟೆಯೂ ಬೇರೆ ಸರಕಿನಂತೆಯೇ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಬಿಲ್ಲು ಪಡೆದು ಕೊಂಡರೆ ಜಿ.ಎಸ್.ಟಿ. ಅದರಲ್ಲೇ ಮುಗಿಯಿತು. ಮನೆಗೆ ತಂದ ಮೇಲೆ ಬೇರೆ ತೆರಿಗೆ ಇಲ್ಲ. ಎರಡನೆಯ ಪ್ರಶ್ನೆಗೆ ಇಷ್ಟೇ ಉತ್ತರ.

ಮೊದಲನೆಯ ಪ್ರಶ್ನೆಯೇ ತೊಡಕಿನದು. 1959ರ ಶಸ್ತ್ರ ಕಾನೂನಿನ 3ನೇ ವಿಧಿಯ ಪ್ರಕಾರ ಕೋವಿಗೆ ಮಾತ್ರವಲ್ಲ, ಮದ್ದುಗುಂಡಿಗೂ ಲೈಸೆನ್ಸ್ ಬೇಕು. ಕೋವಿ ಇಲ್ಲದೆ ಒಂದೇ ಒಂದು ಜೀವಂತ ತೋಟೆ ಮನೆಯ ಅಟ್ಟದಲ್ಲಿ ಸಿಕ್ಕಿದರೂ ಪ್ರಕರಣ ಆಗಬಹುದು. ಅಜ್ಜನ ಕಾಲದ ಕೇಪಿನ ಕೋವಿಯವರು ತಮಗೆ ತೋಟೆಯೇ ಬೇಡ ಎಂದು ಹಗುರಾಗಬೇಕಾಗಿಲ್ಲ. ಕೋವಿಗೆ ತುಂಬುವ ಮದ್ದು, ಅದರ ಜತೆಯ ಸಾಮಗ್ರಿ ಕೂಡ ಕಾನೂನಿನ ವ್ಯಾಖ್ಯೆಯಲ್ಲಿ ಮದ್ದುಗುಂಡೇ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಎರಡು ವರ್ಷಕ್ಕೆ ಕಡಿಮೆಯಿಲ್ಲದೆ ಐದು ವರ್ಷದ ವರೆಗೆ ಸೆರೆವಾಸ ಮತ್ತು ದಂಡ. ಲೈಸೆನ್ಸ್ ಇದ್ದೂ ಅದರ ಷರತ್ತು ಮುರಿದರೆ ಆರು ತಿಂಗಳ ವರೆಗೆ ಸೆರೆ, ಅಥವಾ ಎರಡು ಸಾವಿರ ರೂಪಾಯಿಯ ವರೆಗೆ ದಂಡ, ಅಥವಾ ಎರಡೂ. ದಂಡ ಸಣ್ಣದೆಂದು ನಗುವವರಿದ್ದಾರೆ. ಲೈಸೆನ್ಸ್ ರದ್ದಾದರೆ ಮತ್ತೆ ಸಿಗುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿಲ್ಲ.

ಲೈಸೆನ್ಸ್ ಪುಸ್ತಕವನ್ನು ನಮ್ಮಲ್ಲಿ ಹೆಚ್ಚಿನವರು ನವೀಕರಣದ ವರ್ಷದಲ್ಲಿ ಮಾತ್ರ ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಾರೆ. ದಯವಿಟ್ಟು ಒಮ್ಮೆ ತೆಗೆದು ಓದಿ. ಅದರಲ್ಲಿ ಕೋವಿಯ ವಿವರದ ಜತೆಗೆ ಒಂದು ಸಲಕ್ಕೆ ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂಬ ಎರಡು ಸಂಖ್ಯೆಗಳಿವೆ. ಇವು ಬೇರೆ ಬೇರೆ. ವರ್ಷದ ಲೆಕ್ಕದಲ್ಲಿ ಬಾಕಿ ಇದೆಯೆಂದು ಎಲ್ಲವನ್ನೂ ಒಮ್ಮೆಲೇ ತಂದಿಟ್ಟರೆ ಮೊದಲನೆಯ ಮಿತಿ ಮೀರಬಹುದು. ಕಳೆದ ವರ್ಷ ಉಳಿದದ್ದೂ ಆ ಲೆಕ್ಕಕ್ಕೆ ಸೇರುತ್ತದೆ. ಮತ್ತೆ, ಲೈಸೆನ್ಸ್ ಯಾವ ಪ್ರದೇಶಕ್ಕೆ ಸಲ್ಲುತ್ತದೆ ಎಂದೂ ಬರೆದಿರುತ್ತದೆ: ಜಿಲ್ಲೆಗೋ, ರಾಜ್ಯಕ್ಕೋ, ಇಡೀ ಭಾರತಕ್ಕೋ. ಯು.ಐ.ಎನ್. ಎಂಬ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. ಇಲ್ಲದಿದ್ದರೆ ಕೂಡಲೇ ಕಲೆಕ್ಟರೇಟಿಗೆ ಹೋಗಿ ವಿಚಾರಿಸಿ. ಅವಧಿ ಮುಗಿಯುವ ದಿನವನ್ನೂ ಬರೆದಿಟ್ಟುಕೊಳ್ಳಿ. 2019ರ ತಿದ್ದುಪಡಿ ಲೈಸೆನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿದೆ, ಆದರೆ ಹಳೆಯ ಪುಸ್ತಕದಲ್ಲಿ ಬರೆದ ದಿನಾಂಕವೇ ನಿಮಗೆ ಲೆಕ್ಕ.

ಪ್ರದೇಶದ ಈ ಒಂದು ಸಾಲೇ ನಮ್ಮ ಗಡಿಯವರಿಗೆ ಪ್ರಾಣ. ಪುಸ್ತಕದಲ್ಲಿ ಕೇರಳ ರಾಜ್ಯ ಎಂದೋ ಕಾಸರಗೋಡು ಜಿಲ್ಲೆ ಎಂದೋ ಮಾತ್ರ ಬರೆದಿದ್ದರೆ, ತಲಪಾಡಿಯಿಂದ ಆಚೆ ಕೋವಿ, ತೋಟೆ ಹಿಡಿದವನಿಗೆ ಆ ಪುಸ್ತಕ ರಕ್ಷೆಯಲ್ಲ. ಮಂಗಳೂರಿನ ಅಂಗಡಿ ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ ಎಂಬುದು ಕಾನೂನಿಗೆ ಸಂಬಂಧವಿಲ್ಲದ ಮಾತು. ಅಂಥವರು ಖರೀದಿಗೆ ಮೊದಲು ವಿದ್ಯಾನಗರದ ಕಲೆಕ್ಟರೇಟಿನ ಲೈಸೆನ್ಸ್ ವಿಭಾಗದಲ್ಲಿ ಕೇಳಿ, ಬೇಕಾದರೆ ಪ್ರದೇಶ ವಿಸ್ತರಣೆಗೆ ಅರ್ಜಿ ಕೊಟ್ಟು, ಲಿಖಿತ ಉತ್ತರ ಪಡೆಯಬೇಕು. ಬಾಯಿಮಾತಿನ ‘ಅಡ್ಡಿಯಿಲ್ಲ’ ಚೆಕ್‌ಪೋಸ್ಟಿನಲ್ಲಿ ನಡೆಯುವುದಿಲ್ಲ. ಮಾರಾಟ ತೆರಿಗೆಯ ಚೆಕ್‌ಪೋಸ್ಟ್ ಹೋದರೂ ಅಬಕಾರಿಯವರು, ಪೋಲೀಸರು ಗಡಿಯಲ್ಲಿ ಚೀಲ ತೆರೆಸುವುದು ನಿಂತಿಲ್ಲ.

ಮಡಿಕೇರಿ ಕಡೆಯಲ್ಲಿ ನೆಂಟರಿರುವ ಪಾಣತ್ತೂರಿನವರಿಗೆ ಒಂದು ಎಚ್ಚರಿಕೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರ ವರೆಗೆ ಮುಂದುವರಿಸಲಾಗಿದೆ. ಅದು ಅವರಿಗೆ ಸಿಕ್ಕಿದ್ದು. ಅವರ ಮನೆಯಿಂದ ನಾಲ್ಕು ತೋಟೆ ಕಟ್ಟಿಕೊಂಡು ಬಂದ ನಮಗೆ ಅದರಲ್ಲಿ ಪಾಲಿಲ್ಲ. ನಮ್ಮ ಊರಿನಲ್ಲೇ ಒಬ್ಬ ಲೈಸೆನ್ಸ್‌ದಾರ ಲೈಸೆನ್ಸ್ ಇಲ್ಲದ ನೆರೆಮನೆಯವನಿಗೆ ಕೈಸಾಲವಾಗಿ ಎರಡು ತೋಟೆ ಕೊಡುವುದೂ ಹಾಗೆಯೇ. ಸಕ್ಕರೆ, ಕಾಫಿಪುಡಿ ಕೊಟ್ಟುಕೊಂಡ ಹಾಗಲ್ಲ ಇದು.

ಮೊಬೈಲಿನ ಆರ್ಡರ್ ಬಗ್ಗೆ

ಇದಕ್ಕೆ ನಮ್ಮ ಉತ್ತರ ಖಡಾಖಂಡಿತ: ಬೇಡ. ಮಾರುವವನಿಗೂ ಶಸ್ತ್ರ ಕಾನೂನಿನ ಲೈಸೆನ್ಸ್ ಇರಬೇಕು, ಅವನು ನಿಮ್ಮ ಮೂಲ ಪುಸ್ತಕವನ್ನು ನೋಡಿ, ಎಷ್ಟು ತೋಟೆ, ಯಾವ ದಿನ ಎಂದು ಅದರಲ್ಲಿ ನಮೂದಿಸಿ ಕೊಡಬೇಕು. ಮೊಬೈಲಿನಲ್ಲಿ ಕಳುಹಿಸಿದ ಫೋಟೋದ ಮೇಲೆ ನಮೂದು ಮಾಡುವುದು ಹೇಗೆ? ಸ್ಫೋಟಕ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸುವಂತಿಲ್ಲ. ‘ಆಲ್ ಇಂಡಿಯಾ ಡೆಲಿವರಿ, ಲೈಸೆನ್ಸ್ ಬೇಡ’ ಎಂದು ತೋರಿಸಿ ಮುಂಗಡ ಕೇಳುವವನು ಎರಡರಲ್ಲಿ ಒಂದು: ಹಣ ನುಂಗುವ ಮೋಸಗಾರ, ಇಲ್ಲವೇ ಕಳ್ಳ ಮದ್ದುಗುಂಡಿನ ವ್ಯಾಪಾರಿ. ಮೊದಲನೆಯವನಾದರೆ ಹಣ ಹೋಯಿತು ಎಂದು ಸುಮ್ಮನಿರಬಹುದು. ಎರಡನೆಯವನಾದರೆ ಪಾರ್ಸೆಲ್ ಕೈಗೆ ಬಂದ ದಿನವೇ ನಿಮ್ಮ ಕಷ್ಟ ಶುರು.

ಇಲ್ಲಿ ತೆರಿಗೆ ಮತ್ತು ಕಾನೂನು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಬಿಲ್ಲಿಲ್ಲದೆ ಕೊಂಡ ಪೈಪಿಗೆ ತೆರಿಗೆ ಮಾತ್ರ ತಪ್ಪಿಹೋಗುತ್ತದೆ. ಬಿಲ್ಲಿಲ್ಲದೆ ಕೊಂಡ ತೋಟೆಗೆ ತೆರಿಗೆಯೂ ಇಲ್ಲ, ಪುಸ್ತಕದಲ್ಲಿ ನಮೂದೂ ಇಲ್ಲ, ಎಲ್ಲಿಂದ ಬಂತೆಂದು ಹೇಳಲು ದಾರಿಯೂ ಇಲ್ಲ. ಬಿಲ್ಲಿನಲ್ಲಿ ಅಂಗಡಿಯ ಜಿ.ಎಸ್.ಟಿ. ಸಂಖ್ಯೆ, ನಿಮ್ಮ ಹೆಸರು ವಿಳಾಸ, ತೋಟೆಯ ಬೋರು, ಸಂಖ್ಯೆ ಎಲ್ಲ ಇರಲಿ. ಅದನ್ನು ಲೈಸೆನ್ಸ್ ಪುಸ್ತಕದೊಳಗೇ ಇಡಿ. ಉಪಯೋಗಿಸಿದ ತೋಟೆಯ ಲೆಕ್ಕವನ್ನು ಒಂದು ಸಣ್ಣ ನೋಟುಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಟ್ಟರೆ ಯಾರು ಕೇಳಿದರೂ ಉತ್ತರ ಸಿದ್ಧ.

ತೋಟೆ ಇದ್ದ ಮಾತ್ರಕ್ಕೆ ಹಂದಿಗೆ ಹೊಡೆಯಬಹುದೇ?

ಇಲ್ಲ. ಬೆಳೆರಕ್ಷಣೆಯ ಲೈಸೆನ್ಸ್ ಎಂದರೆ ಬೇಟೆಯ ಅನುಮತಿ ಎಂದು ತಿಳಿದವರು ಇನ್ನೂ ಇದ್ದಾರೆ. ವನ್ಯಜೀವಿ ಕಾನೂನಿನ ಪಟ್ಟಿಗಳನ್ನು 2022ರಲ್ಲಿ ತಿದ್ದಿದ ಮೇಲೆ ಕಾಡುಹಂದಿ 2ನೇ ಪಟ್ಟಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಅಧಿಕಾರ ಉಳ್ಳವರ ಲಿಖಿತ ಆದೇಶ ಬೇಕು. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಆ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ವಾರ್ಡನ್ ಎಂಬ ಹೆಸರಿನಲ್ಲಿ ಕೊಟ್ಟಿತು; ಆ ಬಳಿಕ ಅವಧಿಯನ್ನು ವಿಸ್ತರಿಸುತ್ತ ಬಂದಿದೆ. ಲೈಸೆನ್ಸ್ ಇರುವ ಕೋವಿಯವರ ಪಟ್ಟಿ ಪಂಚಾಯತಿನಲ್ಲಿರುತ್ತದೆ. ಹಂದಿ ನುಗ್ಗಿದೆ ಎಂದು ಅರ್ಜಿ ಕೊಡುವಾಗಲೇ ಆ ಹೊತ್ತಿಗೆ ಜಾರಿಯಲ್ಲಿರುವ ಆದೇಶವನ್ನು, ಅದರ ಷರತ್ತುಗಳನ್ನು ಕೇಳಿ ತಿಳಿಯಿರಿ. ವಿಷ, ಸ್ಫೋಟಕ, ವಿದ್ಯುತ್ ತಂತಿ ಉಪಯೋಗಿಸುವಂತಿಲ್ಲ. ಸತ್ತ ಹಂದಿಯನ್ನು ಹೂಳಬೇಕು, ಮಾಂಸ ಮಾಡುವಂತಿಲ್ಲ. ಹಣ್ಣಿನೊಳಗೆ ಪಟಾಕಿಮದ್ದು ಇಟ್ಟು ಹಂದಿಗೆ ಬೋನು ಮಾಡುವ ಕ್ರೂರ ಪದ್ಧತಿಯ ಫಲವನ್ನು 2020ರಲ್ಲಿ ಪಾಲಕ್ಕಾಡಿನ ಬಸುರಿ ಆನೆಯ ಸಾವಿನಲ್ಲಿ ಇಡೀ ದೇಶವೇ ನೋಡಿದೆ.

ಹಂದಿಗೆ ಸಿಕ್ಕ ಆದೇಶ ಮಂಗನಿಗೆ, ನವಿಲಿಗೆ ಸಲ್ಲುವುದಿಲ್ಲ. ನವಿಲು 1ನೇ ಪಟ್ಟಿಯ ಪಕ್ಷಿ. ಹಂದಿಯೇ ಮೈಮೇಲೆ ಎರಗಿ ಬಂದಾಗ ಪ್ರಾಣರಕ್ಷಣೆಗಾಗಿ ಹೊಡೆದರೆ ಅದು ಅಪರಾಧವಲ್ಲ ಎಂದು ಕಾನೂನಿನಲ್ಲೇ ಇದೆ, ಆದರೆ ಅದು ಮನುಷ್ಯರ ಪ್ರಾಣದ ಮಾತು, ಬಾಳೆಗಿಡದ ಪ್ರಾಣದ್ದಲ್ಲ. ಬಾಳೆ, ಮರಗೆಣಸು, ಅಡಿಕೆಸಸಿ ಒಂದೇ ರಾತ್ರಿ ನೆಲಸಮವಾದುದನ್ನು ಬೆಳಗಾಗಿ ನೋಡುವವನಿಗೆ ಈ ವಿಂಗಡಣೆ ಕಹಿಯಾಗಿ ಕಾಣುವುದು ನಮಗೆ ಅರ್ಥವಾಗುತ್ತದೆ. ಆದೇಶ ಬೇಗ ಸಿಗುವಂತೆ ಪಂಚಾಯತಿನ ಮೇಲೆ ಒತ್ತಾಯ ತರುವುದು ಸರಿ. ಆದೇಶವಿಲ್ಲದೆ ಹೊಡೆದು ಕೋರ್ಟಿಗೆ ಅಲೆಯುವುದರಿಂದ ಬೆಳೆಯೂ ಉಳಿಯದು, ಹಣವೂ ಉಳಿಯದು.

ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಲು ಹೇಳುತ್ತಾರೆ. ಆಗ ಎಷ್ಟು ತೋಟೆ ಒಪ್ಪಿಸಿದಿರಿ, ಎಷ್ಟು ಮನೆಯಲ್ಲಿದೆ ಎಂಬುದನ್ನು ರಶೀದಿಯಲ್ಲಿ ಬರೆಯಿಸಿಕೊಳ್ಳಿ.

ಕೊಂಡ ತೋಟೆ ನಿಮ್ಮ ಕೋವಿಗೆ ಹೊಂದುತ್ತದೆಯೇ?

ಹೊಸ ಊರಿನ ಹೊಸ ಅಂಗಡಿಯಲ್ಲಿ ಕೊಳ್ಳುವಾಗ ಇದೊಂದು ಅಪಾಯ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ‘ಶಕ್ತಿಮಾನ್’ ತೋಟೆ, 12 ಬೋರಿನದು. ನಿಮ್ಮ ಕೋವಿ ಹಿರಿಯರಿಂದ ಬಂದದ್ದಾದರೆ ಅದರ ತೋಟೆಮನೆ ಎರಡೂವರೆ ಇಂಚಿನದಾಗಿರಬಹುದು. ಎರಡೂಮುಕ್ಕಾಲು ಇಂಚಿನ ತೋಟೆ ಅದರೊಳಗೆ ಹೋಗಿ ಕೂರುತ್ತದೆ, ಆದರೆ ಹೊಡೆದಾಗ ಅದರ ಬಾಯಿ ಪೂರ್ತಿ ಬಿಡಿಸಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಸುರುಳಿ ಗೆರೆ ಕಾಣುವ ಹಳೆಯ ಡಮಾಸ್ಕಸ್ ನಳಿಗೆಯ ಕೋವಿಗೆ ಇಂದಿನ ಬಲವಾದ ತೋಟೆ ಹಾಕಲೇಬಾರದು. ನಳಿಗೆ ಒಡೆದು ಎಡಗೈ ಹೋಗುತ್ತದೆ. ಇನ್ನೂ ಕೆಟ್ಟದ್ದು ಬೋರಿನ ಗೊಂದಲ. 20 ಬೋರಿನ ಸಪುರ ತೋಟೆಯನ್ನು 12 ಬೋರಿನ ನಳಿಗೆಗೆ ಹಾಕಿದರೆ ಅದು ಮುಂದೆ ಜಾರಿ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಖಾಲಿ ಕಾಣುವ ಆ ನಳಿಗೆಗೆ 12ರ ತೋಟೆ ತುಂಬಿ ಕುದುರೆ ಎಳೆದರೆ ಆಗುವ ಅನಾಹುತ ಹೇಳಬೇಕಾಗಿಲ್ಲ. ಆದುದರಿಂದ ಎರಡು ಬೋರಿನ ಕೋವಿ ಇರುವ ಮನೆಯಲ್ಲಿ ತೋಟೆಗಳನ್ನು ಒಂದೇ ಡಬ್ಬಿಯಲ್ಲಿ ಇಡಕೂಡದು. ಅಂಗಡಿಗೆ ಹೋಗುವಾಗ ನಳಿಗೆಯ ಮೇಲೆ ಕೊರೆದ ಅಕ್ಷರ, ಅಂಕೆಗಳನ್ನು ಬರೆದುಕೊಂಡು ಹೋಗಿ ತೋರಿಸಿ.

ನಮ್ಮ ಮಳೆಗಾಲ ತೋಟೆಗೆ ಶತ್ರು. ತಳದ ಹಿತ್ತಾಳೆಯಲ್ಲಿ ಹಸಿರು ಕಿಲುಬು, ಉಬ್ಬಿದ ಚಿಪ್ಪು ಕಂಡರೆ ಉಪಯೋಗಿಸಬೇಡಿ. ಅಡಿಕೆಯ ಜತೆ ಅಂಗಳದಲ್ಲಿ ಬಿಸಿಲಿಗಿಟ್ಟು, ಇಲ್ಲವೇ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವ ಬುದ್ಧಿವಂತಿಕೆ ಬೇಡವೇ ಬೇಡ. ಹಾಳಾದದ್ದನ್ನು ಬಾವಿಗೋ ಬೆಂಕಿಗೋ ಎಸೆಯದೆ ಲೈಸೆನ್ಸ್ ಅಂಗಡಿಗೆ ಅಥವಾ ಠಾಣೆಗೆ ಒಪ್ಪಿಸಿ, ಬರೆಯಿಸಿಕೊಳ್ಳಿ. ಕುದುರೆ ಎಳೆದಾಗ ತೋಟೆ ಸಿಡಿಯಲಿಲ್ಲವೆಂದು ಕೂಡಲೇ ಕೋವಿ ಮಡಚಿ ಇಣುಕುವವರಿದ್ದಾರೆ. ಕೆಲವು ತೋಟೆ ತಡವಾಗಿ ಸಿಡಿಯುತ್ತವೆ. ಬಾಯನ್ನು ಜನ, ದನ ಇಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ.

ಚರೆಯ ಸೀಸದ ಬಗ್ಗೆ ತಾಯಂದಿರಿಗೆ ಒಂದು ಮಾತು. ಸೀಸ ಮೈಗೆ ಸೇರಿದರೆ ಮಕ್ಕಳ ಮಿದುಳಿನ ಬೆಳವಣಿಗೆ ಕುಂಠಿತವಾಗುತ್ತದೆ. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ. ಇಷ್ಟರ ವರೆಗೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಗೊತ್ತಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೋವಿ ಒರೆಸಿದ ಬಟ್ಟೆಯನ್ನು ಮನೆಯ ಬಟ್ಟೆಯ ಜತೆ ಒಗೆಯಬೇಡಿ. ತೋಟೆ ಮುಟ್ಟಿದ ಕೈಯಿಂದ ಬೀಡಿ, ಎಲೆಯಡಿಕೆ ಬಾಯಿಗೆ ಹಾಕುವ ಮೊದಲು ಸೋಪು ಹಚ್ಚಿ ತೊಳೆಯಿರಿ. ಬಣ್ಣದ ಖಾಲಿ ಚಿಪ್ಪುಗಳನ್ನು ಮಕ್ಕಳಿಗೆ ಆಟಕ್ಕೆ, ಊದಲಿಕ್ಕೆ ಕೊಡುವ ಹಳೆಯ ರೂಢಿಯನ್ನು ಬಿಡಬೇಕು. ಹಾಗೆ ಆಡಿ ಬೆಳೆದ ಮಗುವಿಗೆ ತುಂಬಿದ ತೋಟೆಯೂ ಆಟಿಕೆಯೇ.

ಕೋವಿ ಒಂದು ಬೀಗದಲ್ಲಿ, ತೋಟೆ ಬೇರೆ ಕೋಣೆಯಲ್ಲಿ ಬೇರೆ ಬೀಗದಲ್ಲಿ ಇರಲಿ. ಲೈಸೆನ್ಸ್ ಹೊಂದಿದವರು ತೀರಿಕೊಂಡರೆ ಮಕ್ಕಳು ಕೋವಿ, ತೋಟೆಗಳನ್ನು ತಡಮಾಡದೆ ಠಾಣೆಗೋ ಲೈಸೆನ್ಸ್ ಅಂಗಡಿಗೋ ಒಪ್ಪಿಸಿ ರಶೀದಿ ಪಡೆದು, ಬಳಿಕ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಅರ್ಜಿಯೊಂದಿಗೆ ಹಳೆಯ ಪುಸ್ತಕ, ಮರಣ ಪ್ರಮಾಣಪತ್ರ, ಜಾಗದ ತೀರುವೆ ರಶೀದಿ, ತೋಟೆಯ ಹಳೆಯ ಬಿಲ್ಲುಗಳು ಕೈಯಲ್ಲಿರಲಿ.